ಹಾಜರಿ ಹಾಕಿದವರೆಲ್ಲ ಹಾಜರೇ?

ಕಡತದ ಅಂಚಿನಿಂದ

ನಮ್ಮ ಕಚೇರಿಯ ಬಾಗಿಲಲ್ಲಿ ಬೆರಳೊತ್ತುವ ಯಂತ್ರವೊಂದುಂಟು. ಬೆಳಿಗ್ಗೆ ಬಂದವರು ಅದರ ಮೇಲೆ ಬೆರಳಿಡಬೇಕು. ಸಂಜೆ ಹೊರಡುವಾಗ ಇನ್ನೊಮ್ಮೆ ಇಡಬೇಕು. ಈ ಎರಡು ಒತ್ತುಗಳ ನಡುವೆ ಬೆರಳಿನ ಯಜಮಾನನು ಏನು ಮಾಡಿದನೆಂದು ಆ ಯಂತ್ರ ಕೇಳುವುದಿಲ್ಲ; ನಾವಾಗಿಯೇ ಹೇಳುವ ಪದ್ಧತಿಯೂ ಇಲ್ಲ. ನನ್ನ ಹನ್ನೆರಡು ವರ್ಷದ ಗುಮಾಸ್ತಗಿರಿಯಲ್ಲಿ ಸಂಪಾದಿಸಿದ ತತ್ತ್ವಜ್ಞಾನವೆಲ್ಲ ಇಷ್ಟೇ: ಹಾಜರಿ ಹಾಕುವುದು ಬೇರೆ, ಹಾಜರಿರುವುದು ಬೇರೆ. ಕುರ್ಚಿಯ ಬೆನ್ನಿಗೆ ಕರವಸ್ತ್ರ ಹಾಕಿ ಕಾಫಿಗೆ ಹೋದವನೂ ಲೆಕ್ಕದಲ್ಲಿ ಹಾಜರಾದವನೇ.

ಇಷ್ಟು ತಿಳಿದವನು ಮಕ್ಕಳ ವಿಷಯಕ್ಕೆ ಬಂದಾಗ ಅದನ್ನು ಹೇಗೆ ಮರೆತೆನೆಂಬುದೇ ಈ ಸಲದ ಕಥೆ. ಕಥೆಯಲ್ಲಿ ತಪ್ಪು ನನ್ನದು; ಆದುದರಿಂದ ವಾಚಕರು ಧಾರಾಳವಾಗಿ ನಗಬಹುದು.

ನಮ್ಮ ಸಂಘದ ಕನ್ನಡ ತರಗತಿ ಆನ್‌ಲೈನಿಗೆ ಹತ್ತಿದ್ದು ಎಲ್ಲರಂತೆಯೇ 2020ರಲ್ಲಿ. ಆ ವರ್ಷದ ಬೇಸಗೆಯನ್ನು ರಾಯಪುರಂನವರು ಮರೆಯುವ ಹಾಗಿಲ್ಲ. ಚೆನ್ನೈ ನಗರಪಾಲಿಕೆಯ ವಲಯಗಳಲ್ಲೆಲ್ಲ ನಮ್ಮ ರಾಯಪುರಂ ವಲಯವೇ ಕೊರೋನಾ ರೋಗಿಗಳ ಎಣಿಕೆಯಲ್ಲಿ ಮುಂದಿದ್ದ ದಿನಗಳವು. 1856ರಲ್ಲಿ ದಕ್ಷಿಣ ಭಾರತದ ಮೊದಲ ರೈಲು ಹೊರಟ ನಮ್ಮ ನಿಲ್ದಾಣದಲ್ಲಿ ಲೋಕಲ್ ಗಾಡಿಯ ಸದ್ದಿಲ್ಲ. ಕಾಸಿಮೇಡಿನ ಬಂದರಿನಲ್ಲಿ ಹರಾಜಿನ ಕೂಗಿಲ್ಲ. ಬೀದಿಯ ತುದಿಗೆ ತಗಡಿನ ಅಡ್ಡಗಟ್ಟೆ. ಮಕ್ಕಳ ಶಾಲೆಯೆಲ್ಲ ಅಪ್ಪನ ಮೊಬೈಲಿನೊಳಗೆ ಸೇರಿತು. ತಮಿಳುನಾಡಿನಲ್ಲಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರು ಸೆಪ್ಟೆಂಬರ್ 2021ರಲ್ಲಿಯೂ ಒಂದರಿಂದ ಎಂಟರವರೆಗಿನ ಚಿಕ್ಕವರು ನವೆಂಬರ್ 2021ರಲ್ಲಿಯೂ ಮರಳಿ ಶಾಲೆಯ ಮೆಟ್ಟಿಲು ಹತ್ತಿದರು.

ಶಾಲೆಗಳು ತೆರೆದರೂ ನಮ್ಮ ಕನ್ನಡ ತರಗತಿ ಮಾತ್ರ ಮೊಬೈಲಿನಲ್ಲಿಯೇ ಉಳಿಯಿತು. ಕಾರಣ ಸರಳವಾದದ್ದು. ಹಿಂದೆ ಸಂಘದ ಕೋಣೆಗೆ ಬರುತ್ತಿದ್ದವರು ಹತ್ತಿರದ ಬೀದಿಯವರು, ಏಳೆಂಟು ಮಕ್ಕಳು. ಈಗ ರಾಯಪುರಂ, ತಂಡಿಯಾರ್‌ಪೇಟೆ, ಪೆರಂಬೂರು, ಅಯನಾವರಂ ಎಂದು ಊರೆಲ್ಲ ಹರಡಿಕೊಂಡ ಇಪ್ಪತ್ತೆರಡು ಮಕ್ಕಳು ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಒಂದೆಡೆ ಕೂಡುತ್ತಾರೆ. 40 ನಿಮಿಷಕ್ಕೆ ತಾನಾಗಿಯೇ ಮುಗಿದುಹೋಗುವ ಜೂಮಿನ ಪುಕ್ಕಟೆ ತರಗತಿ; ನಮ್ಮ ಬೊಕ್ಕಸದ ಅಳತೆಗೆ ಹೇಳಿ ಹೊಲಿಸಿದ ಹಾಗಿದೆ. ಪಾಠ ಹೇಳುವವರು ನಿವೃತ್ತ ಮೇಷ್ಟ್ರು. ಅವರಿಗೆ ಎಪ್ಪತ್ತು ದಾಟಿದೆ. ಮೊಬೈಲಿಗೆ ಕೂಡ "ನಮಸ್ಕಾರ" ಎಂದು ಕೈಮುಗಿದೇ ಪಾಠ ಶುರುಮಾಡುವವರು.

ಈ 40 ನಿಮಿಷದ ಬೆಲೆ ಹೊರನಾಡಿನಲ್ಲಿರುವವರಿಗೆ ಗೊತ್ತು. ಇಲ್ಲಿಯ ಶಾಲೆಗಳಲ್ಲಿ 2006ರ ಕಾಯಿದೆಯಂತೆ ತಮಿಳು ಕಲಿಯಲೇಬೇಕು. ಉಂಡ ನೆಲದ ಭಾಷೆ, ಕಲಿಯುವುದು ಧರ್ಮವೂ ಹೌದು. ಇಂಗ್ಲಿಷು ಅನ್ನಕ್ಕಾಗಿ ಬೇಕು. ಉಳಿದ ಕನ್ನಡಕ್ಕೆ ಅಡುಗೆಮನೆ ಬಿಟ್ಟರೆ ಈ ಭಾನುವಾರದ 40 ನಿಮಿಷವೇ ಗತಿ. ಅದೂ ಹೋದರೆ ನಮ್ಮ ಮಕ್ಕಳಿಗೆ ಕನ್ನಡವೆಂಬುದು ಅಜ್ಜಿ ಬೈಯುವ ಭಾಷೆಯಾಗಿ ಮಾತ್ರ ಉಳಿದೀತು.

ಕಳೆದ ಗೌರಿ ಹಬ್ಬದ ಸುಮಾರಿಗೆ ಕಾರ್ಯಕಾರಿ ಸಮಿತಿಯಲ್ಲಿ ಒಂದು ಪ್ರಶ್ನೆ ಎದ್ದಿತು. ಇನ್ನೂ ಒಂಬತ್ತು ಮಕ್ಕಳು ಸೇರಬೇಕೆಂದು ಕಾದಿದ್ದರು. ಇಪ್ಪತ್ತೆರಡಕ್ಕಿಂತ ಹೆಚ್ಚಿಗೆ ಒಬ್ಬರನ್ನೂ ಮೇಷ್ಟ್ರು ಒಪ್ಪುವುದಿಲ್ಲ. ಹಾಗಾದರೆ ಇರುವವರಲ್ಲಿ ನಿಜವಾಗಿ ಕಲಿಯುತ್ತಿರುವವರು ಯಾರು, ಸುಮ್ಮನೆ ಹೆಸರಿಗೆ ಕೂತಿರುವವರು ಯಾರು? ಹೆಸರಿಗೆ ಕೂತವರನ್ನು ಬಿಡಿಸಿ ಕಾದಿರುವವರಿಗೆ ಜಾಗ ಕೊಟ್ಟರೆ ಹೇಗೆ? ಪ್ರಶ್ನೆ ನ್ಯಾಯವಾದದ್ದೇ. ಅದನ್ನು ಅಳೆಯುವವರು ಯಾರು ಎಂದಾಗ ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದಿತು. "ತಾವು ಸರ್ಕಾರಿ ಕಚೇರಿಯವರು, ತಖ್ತೆ ತಯಾರಿಸುವುದು ತಮಗೆ ನೀರು ಕುಡಿದಷ್ಟು ಸಲೀಸು" ಎಂದರು ಕಾರ್ಯದರ್ಶಿಗಳು. ಗುಮಾಸ್ತೆಯನ್ನು ಉಬ್ಬಿಸಲು ಇದಕ್ಕಿಂತ ಬೇರೆ ಮಾತು ಬೇಕಿಲ್ಲ.

ತಖ್ತೆ ತಯಾರಾಯಿತು. ನಾಲ್ಕು ಕಲಮು, ಕಲಮಿಗೆ 25 ಅಂಕ. ಹೊತ್ತಿಗೆ ಸರಿಯಾಗಿ ಸೇರಿದ್ದಕ್ಕೆ 25. ಕ್ಯಾಮೆರಾ ತೆರೆದು ಮುಖ ತೋರಿಸಿದ್ದಕ್ಕೆ 25. ಬಾಯಿಬಿಟ್ಟು ಉತ್ತರ ಹೇಳಿದ್ದಕ್ಕೆ 25. ಪಕ್ಕದ ಚಾಟ್ ಪೆಟ್ಟಿಗೆಯಲ್ಲಿ ಏನಾದರೂ ಬರೆದದ್ದಕ್ಕೆ 25. ಕಚೇರಿಯ ವಾಡಿಕೆಯಂತೆ ಕೊನೆಯಲ್ಲಿ "ಷರಾ" ಎಂದು ಐದನೆಯದೊಂದು ಕಲಮನ್ನೂ ಎಳೆದೆ. ವಾಡಿಕೆಯಂತೆ ಅದನ್ನು ಖಾಲಿ ಬಿಟ್ಟೆ. ಆರು ಭಾನುವಾರ ಮೇಷ್ಟ್ರ ತರಗತಿಯಲ್ಲಿ ಮೂಲೆಗೆ ಕುಳಿತು ಟಿಕ್ಕು ಹಾಕಿದೆ. 35ಕ್ಕೆ ಕಡಿಮೆ ಬಂದವರು ಅನುತ್ತೀರ್ಣರು.

ಫಲಿತಾಂಶ ನೋಡಿ ನನಗೆ ಗುಟ್ಟಾಗಿ ಹಿಗ್ಗಾಯಿತು. 96 ಅಂಕ ಪಡೆದು ಎಲ್ಲರಿಗಿಂತ ಮೇಲಿದ್ದದ್ದು ಐದನೆಯ ತರಗತಿಯಲ್ಲಿ ಓದುವ ನಮ್ಮ ಪುಟ್ಟಿ. ಕೆಳಗಡೆ ನಾಲ್ಕು ಮಕ್ಕಳಿದ್ದರು. ನಾಲ್ವರಿಗೂ ಹಾಜರಿಗೆ ಪೂರ್ತಿ 25. ಉಳಿದ ಮೂರು ಕಲಮಿಗೂ ಸೊನ್ನೆ. ಮುಖವಿಲ್ಲ, ಮಾತಿಲ್ಲ, ಬರಹವಿಲ್ಲ. ಕಪ್ಪು ಚೌಕದೊಳಗೆ ಹೆಸರು ಮಾತ್ರ. "ತೆಗೆಯಬಹುದಾದವರು" ಎಂದು ತಲೆಬರಹ ಕೊಟ್ಟು ನಾಲ್ಕು ಹೆಸರನ್ನೂ ಬರೆದು, ಕೆಳಗೆ ಸಹಿ ಮಾಡಿ, ಮೇಷ್ಟ್ರಿಗೆ ತೋರಿಸಲು ಅಯನಾವರಕ್ಕೆ ಹೋದೆ.

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. "ಚೆನ್ನಾಗಿ ಗೆರೆ ಹೊಡೆದಿದ್ದೀರಿ" ಎಂದರು. ಆಮೇಲೆ, "ಹೆಸರು ಹೊಡೆದುಹಾಕುವ ಮುಂಚೆ ಒಂದು ಸಲ ಮುಖ ನೋಡುವುದು ಒಳ್ಳೆಯದಲ್ಲವೇ? ನನಗೆ ಮೆಟ್ಟಿಲು ಹತ್ತಲಾಗುವುದಿಲ್ಲ, ತಾವು ಒಮ್ಮೆ ಹೋಗಿಬನ್ನಿ" ಎಂದರು.

ಹೋಗಿಬರುವ ಮೊದಲು ನಾನೊಂದು ಕೆಲಸ ಮಾಡಿದೆ. ನನ್ನ ತಖ್ತೆ ಸರಿಯೇ ಎಂದು ಸಮರ್ಥಿಸಿಕೊಳ್ಳುವುದಕ್ಕಾಗಿ, ದೊಡ್ಡ ದೊಡ್ಡವರು ಇದನ್ನು ಹೇಗೆ ಅಳೆದಿದ್ದಾರೆಂದು ಓದತೊಡಗಿದೆ. ಸಮರ್ಥನೆ ಸಿಗಲಿಲ್ಲ, ಸಂಗಾತಿಗಳು ಬೇಕಾದಷ್ಟು ಮಂದಿ ಸಿಕ್ಕಿದರು.

ಮೊದಲನೆಯ ಸಂಗಾತಿ ಜೂಮ್ ಕಂಪೆನಿಯೇ. ಪಾಠ ಹೇಳುವವರು ತಮ್ಮ ಪರದೆಯನ್ನು ತೋರಿಸುತ್ತಿರುವಾಗ ಯಾರಾದರೂ 30 ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇರೆ ಕಿಟಕಿಗೆ ಸರಿದರೆ ಅವರ ಹೆಸರಿನ ಪಕ್ಕ ಗುರುತು ಬೀಳುವ ಸೌಕರ್ಯವೊಂದು ಅದರಲ್ಲಿತ್ತು. ಜನ ಆಕ್ಷೇಪಿಸಿದ ಮೇಲೆ ಏಪ್ರಿಲ್ 2020ರಲ್ಲಿ ಅದನ್ನು ಕಿತ್ತುಹಾಕಿದರು. ಎರಡನೆಯದು ಚೀನಾ ದೇಶದ ಹಾಂಗ್‌ಝೌ ನಗರದ ಪ್ರೌಢಶಾಲೆ. 2018ರಲ್ಲಿ ಅಲ್ಲಿ ತರಗತಿಯ ಗೋಡೆಯ ಕ್ಯಾಮೆರಾ 30 ಸೆಕೆಂಡಿಗೊಮ್ಮೆ ಮಕ್ಕಳ ಮುಖ ಓದಿ, ಯಾರು ಸಂತೋಷದಲ್ಲಿದ್ದಾರೆ, ಯಾರು ಸಿಟ್ಟಿನಲ್ಲಿದ್ದಾರೆ, ಯಾರು ಮೇಜಿನ ಮೇಲೆ ತಲೆಯಿಟ್ಟಿದ್ದಾರೆ ಎಂದು ಲೆಕ್ಕ ಬರೆಯುತ್ತಿತ್ತು. ಅದೇ ಪ್ರಾಂತದ ಇನ್ನೊಂದು ಪ್ರಾಥಮಿಕ ಶಾಲೆಯಲ್ಲಿ ಮಕ್ಕಳ ಹಣೆಗೆ ಪಟ್ಟಿ ಕಟ್ಟಿ ಮಿದುಳಿನ ಅಲೆಗಳಿಂದಲೇ ಗಮನವನ್ನು ಅಳೆಯಹೊರಟರು. 2019ರಲ್ಲಿ ಗದ್ದಲವೆದ್ದು ನಿಲ್ಲಿಸಿದರು. ಯೂರೋಪಿನ ಒಕ್ಕೂಟ 2024ರಲ್ಲಿ ಮಾಡಿದ ಕಾಯಿದೆಯಂತೂ, ಶಾಲೆಗಳಲ್ಲಿ ಯಂತ್ರದಿಂದ ಮಕ್ಕಳ ಮನೋಭಾವ ಓದುವುದನ್ನು ನಿಷೇಧಿಸಿದೆ; ಫೆಬ್ರವರಿ 2025ರಿಂದ ಅದು ಜಾರಿಯಲ್ಲಿದೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯೂ ಹದಿನೆಂಟು ತುಂಬದವರನ್ನು ಹಿಂಬಾಲಿಸಿ ಅವರ ನಡೆವಳಿಕೆಯ ಮೇಲೆ ಕಣ್ಣಿಡಬಾರದೆಂದು ಹೇಳಿದೆ. ನಿಯಮಗಳ ಮೂಲಕ ವಿನಾಯಿತಿ ಕೊಡಲು ಸರ್ಕಾರಕ್ಕೆ ಅಧಿಕಾರವನ್ನೂ ಇಟ್ಟುಕೊಂಡಿದೆ. ಕಾಯಿದೆಯೆಂದ ಮೇಲೆ ವಿನಾಯಿತಿ ಇದ್ದೇ ಇರುತ್ತದೆ. ಇಲ್ಲದಿದ್ದರೆ ನಮ್ಮಂಥವರಿಗೆ ಕೆಲಸವೆಲ್ಲಿ?

ಆದರೆ ನನ್ನ ಗರ್ವವನ್ನು ನಿಜವಾಗಿ ಇಳಿಸಿದ್ದು ಪರದೇಶದ ಯಂತ್ರಗಳಲ್ಲ, ನಮ್ಮ ಬಳ್ಳಾರಿ. ಆಗ ಬಳ್ಳಾರಿ ಜಿಲ್ಲೆ ಮದರಾಸು ಆಧಿಪತ್ಯಕ್ಕೆ ಸೇರಿತ್ತು. 1822ರಲ್ಲಿ ಗವರ್ನರ್ ಥಾಮಸ್ ಮನ್ರೋ ಜಿಲ್ಲೆಜಿಲ್ಲೆಯ ಶಾಲೆಗಳ ತಖ್ತೆ ಕಳಿಸಬೇಕೆಂದು ಹುಕುಂ ಮಾಡಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಬರೆದ ವರದಿಯಲ್ಲಿ 533 ಶಾಲೆಗಳನ್ನೂ 6,641 ವಿದ್ಯಾರ್ಥಿಗಳನ್ನೂ ಎಣಿಸಿ, ಅಷ್ಟಕ್ಕೇ ನಿಲ್ಲದೆ ಅಲ್ಲಿಯ ಹಾಜರಿಯ ಪದ್ಧತಿಯನ್ನೂ ವಿವರಿಸಿದ್ದಾನೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಸೊನ್ನೆ: ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಮೆಲು ಏಟು, ನಾಲ್ಕನೆಯವನಿಗೆ ಎರಡು. ಮುಂದೆ ಬಂದವರಿಗೆ ಒಂದೊಂದು ಹೆಚ್ಚು.

ಇದನ್ನು ಓದಿದ ರಾತ್ರಿ ನನಗೆ ಬೇಗ ನಿದ್ರೆ ಬರಲಿಲ್ಲ. ಇನ್ನೂರು ವರ್ಷದ ಹಿಂದಿನ ಆ ಅಯ್ಯನವರಿಗೂ ನನಗೂ ಏನು ವ್ಯತ್ಯಾಸ? ಅವರ ಅಳತೆಯಲ್ಲಿ ಶಾಲೆಯ ಪಕ್ಕದ ಮನೆಯ ಹುಡುಗನಿಗೆ ದಿನಾ ಸರಸ್ವತಿ, ಹೊಲ ಕಾದು ಓಡಿಬಂದವನಿಗೆ ದಿನಾ ಏಟು. ಪಾಠ ಯಾರ ತಲೆಗೆ ಹತ್ತಿತೆಂಬುದನ್ನು ಅಂಗೈಯ ಬರಹ ಹೇಳುವುದಿಲ್ಲ. ನಾನು ಬೆತ್ತದ ಬದಲು ಟಿಕ್ಕು ಹಿಡಿದಿದ್ದೆ, ಅಷ್ಟೆ.

ಎರಡು ಭಾನುವಾರಗಳಲ್ಲಿ ನಾಲ್ಕು ಮನೆಗೂ ಹೋದೆ.

ಮೊದಲ ಮನೆ ಹಳೆ ವಣ್ಣಾರಪೇಟೆಯ ಓಣಿಯೊಂದರಲ್ಲಿ. ಹುಡುಗನ ತಂದೆ ಹೋಟೆಲಿನಲ್ಲಿ ಕೆಲಸಕ್ಕಿದ್ದಾರೆ. ಹೋಟೆಲಿಗೆ ಭಾನುವಾರವೇ ಹೆಚ್ಚು ಕೆಲಸ. ಇರುವುದೊಂದೇ ಕೋಣೆ. ಕುಂದಾಪುರದ ಕಡೆಯ ಅಜ್ಜಿ "ಹ್ವಾಯ್, ಬನಿ, ಕೂಕಣಿ" ಎಂದು ಚಾಪೆ ಹಾಸಿದರು. ಕ್ಯಾಮೆರಾ ಏಕೆ ತೆರೆಯುವುದಿಲ್ಲವೆಂದು ನಾನು ಕೇಳಬೇಕಾಗಲಿಲ್ಲ. ಕೋಣೆಯ ಒಂದು ಮೂಲೆಯಲ್ಲಿ ಒಲೆ, ಇನ್ನೊಂದರಲ್ಲಿ ಬಟ್ಟೆಯ ಹಗ್ಗ, ಮಂಚದ ಮೇಲೆ ಹಸುಗೂಸು. ಎಲ್ಲಿ ತಿರುಗಿಸಿದರೂ ಮನೆಯೆಲ್ಲ ಊರಿಗೆ ಕಾಣುವುದು. ಹುಡುಗ ಒಂದು ಕಿವಿಗೆ ತಂತಿ ಸಿಕ್ಕಿಸಿಕೊಂಡು ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಾನಂತೆ. ಅವನ ನೋಟ್‌ಬುಕ್ಕನ್ನು ನೋಡಿದೆ. ಮೇಷ್ಟ್ರು ಹೇಳಿದ ಹಣ್ಣುಗಳ ಹೆಸರೆಲ್ಲ ಸಾಲಾಗಿ ಬರೆದಿದ್ದ. "ಕಲ್ಲಂಗಡಿ" ಎಂಬುದರ ಕೆಳಗೆ "ಬಚ್ಚಂಗಾಯಿ" ಎಂದಿತ್ತು. ಇದೇನೆಂದೆ. ಅಜ್ಜಿ ನಕ್ಕು, "ನಮ್ ಬದಿಯಂಗೆ ಅದನ್ನ ಬಚ್ಚಂಗಾಯಿ ಅಂಬ್ರ್. ಮಾಣಿ ಪಾಠ ಆದ್ ಕೂಡ್ಲೆ ನಂಗೆ ಹೇಳ್ತ, ನಾ ತಿದ್ತೆ" ಎಂದರು. ಮೇಷ್ಟ್ರ ಪಾಠವನ್ನು ಕೇಳಿ, ಬರೆದು, ಇನ್ನೊಬ್ಬರಿಗೆ ಹೇಳಿ, ತಿದ್ದಿಸಿಕೊಂಡ ಈ ಹುಡುಗನಿಗೆ ನಾನು ಕೊಟ್ಟದ್ದು ಮೂರು ಸೊನ್ನೆ.

ಎರಡನೆಯ ಮನೆ ತಂಡಿಯಾರ್‌ಪೇಟೆಯದು. ಅಲ್ಲಿಯ ಹುಡುಗಿ ಮಾತನಾಡುವುದಿಲ್ಲವೆಂದಲ್ಲ. ಮೊಬೈಲು ನೀರಿಗೆ ಬಿದ್ದು ಮೂರು ತಿಂಗಳಿಂದ ಅದರ ಮೈಕೂ ಕ್ಯಾಮೆರಾವೂ ಕೆಟ್ಟಿದ್ದವು. ಕೇಳುತ್ತದೆ, ಕೇಳಿಸುವುದಿಲ್ಲ. ಚಾಟ್ ಪೆಟ್ಟಿಗೆಯಲ್ಲಿ ಬರೆಯಬಾರದೇ ಎಂದರೆ, ಕನ್ನಡ ಅಕ್ಷರ ಮೊಬೈಲಿನಲ್ಲಿ ಬರೆಯುವುದು ಆಕೆಗೆ ತಿಳಿಯದು. ಇಂಗ್ಲಿಷಿನಲ್ಲಿ ಬರೆದರೆ ಮೇಷ್ಟ್ರಿಗೆ ಬೇಸರವಾದೀತೆಂದು ಸುಮ್ಮನಿದ್ದಳು. ಮೇಷ್ಟ್ರು ಪ್ರಶ್ನೆ ಕೇಳಿದಾಗಲೆಲ್ಲ ಇತ್ತ ಗಟ್ಟಿಯಾಗಿ ಉತ್ತರ ಹೇಳುತ್ತಿದ್ದಳೆಂದು ಆಕೆಯ ತಾಯಿ ಹೇಳಿದರು. ಮೂರು ತಿಂಗಳಲ್ಲಿ ನಮ್ಮಲ್ಲಿ ಒಬ್ಬರೂ ಒಂದು ಫೋನ್ ಮಾಡಿ "ಏನಮ್ಮ, ಏಕೆ ಸುಮ್ಮನಿದ್ದೀಯೆ?" ಎಂದು ಕೇಳಿರಲಿಲ್ಲ.

ಮೂರನೆಯದು ಪೆರಂಬೂರು. ಇಲ್ಲಿ ನನ್ನ ತಖ್ತೆಗೆ ಜಯವಾಯಿತು. ನಾನು ಹೋದಾಗ ಮೊಬೈಲು ಕಿಟಕಿಯ ಕಟ್ಟೆಯ ಮೇಲೆ ಗೋಡೆಗೊರಗಿ ನಿಂತಿತ್ತು. ಮೇಷ್ಟ್ರು ಅದರೊಳಗಿಂದ ಗೋಡೆಗೆ ಸಮಾಸ ಬಿಡಿಸಿ ಹೇಳುತ್ತಿದ್ದರು. ಹುಡುಗ ಹಿಂದಿನ ಬಯಲಿನಲ್ಲಿ ಬೌಲಿಂಗ್ ಮಾಡುತ್ತಿದ್ದ. ಸಿಕ್ಕಿಬಿದ್ದದ್ದಕ್ಕೆ ಅವನು ಅಳಲಿಲ್ಲ. "ಅಂಕಲ್, ಭಾನುವಾರ ಬೆಳಿಗ್ಗೆ ಮಾತ್ರ ನಮಗೆ ಬಯಲು ಬಿಡ್ತಾರೆ" ಎಂದ. ಅವನ ವಾದದಲ್ಲಿಯೂ ಹುರುಳಿದೆ.

ನಾಲ್ಕನೆಯ ಮನೆ ಅಯನಾವರದಲ್ಲಿ, ಮೇಷ್ಟ್ರ ಮನೆಗೆ ಎರಡು ಬೀದಿ ಆಚೆ. ಹುಡುಗಿಗೆ ಒಂಬತ್ತು ವರ್ಷ. ತಂದೆ ಕನ್ನಡದವರು, ತಾಯಿ ತಮಿಳರು. ಮನೆಯ ಮಾತು ತಮಿಳೇ. ಮಗಳು ಕನ್ನಡ ಕಲಿಯಬೇಕೆಂದು ತಂದೆಗೆ ಆಸೆ. ಹುಡುಗಿ ಪ್ರತಿ ವಾರವೂ ತಪ್ಪದೆ ಕೂತಿದ್ದಾಳೆ. ಎರಡನೆಯ ವಾರದಿಂದಲೇ ಏನೂ ಅರ್ಥವಾಗಿಲ್ಲ. ಕ್ಯಾಮೆರಾ ತೆರೆದರೆ ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ; ತಪ್ಪು ಹೇಳಿದರೆ ಉಳಿದವರು ನಗುತ್ತಾರೆ. ಅದಕ್ಕೆ ಕತ್ತಲೆಯಲ್ಲಿಯೇ ಕೂತಿದ್ದಳು. ಏಕೆ ಬಿಟ್ಟುಬಿಡಲಿಲ್ಲವೆಂದು ಕೇಳಿದ್ದಕ್ಕೆ ತಮಿಳಿನಲ್ಲಿಯೇ, ಅಪ್ಪನಿಗೆ ಬೇಸರವಾಗುತ್ತದೆ ಎಂದಳು. ನಮ್ಮ ತರಗತಿ ಇರುವುದು ಯಾರಿಗಾಗಿ ಎಂದು ಕೇಳಿದರೆ ಮೊದಲು ಹೇಳಬೇಕಾದ ಹೆಸರು ಈ ಮಗುವಿನದು. ನನ್ನ ಪಟ್ಟಿಯಲ್ಲಿ "ತೆಗೆಯಬಹುದಾದವರು" ಎಂಬುದರ ಕೆಳಗೆ ಮೊದಲನೆಯ ಹೆಸರೂ ಅದೇ.

ಸೊನ್ನೆ ಒಂದೇ, ಕಾರಣ ನಾಲ್ಕು. ಒಬ್ಬನಿಗೆ ಜಾಗವಿರಲಿಲ್ಲ, ಒಬ್ಬಳಿಗೆ ಮೈಕಿರಲಿಲ್ಲ, ಒಬ್ಬನಿಗೆ ಮನಸ್ಸಿರಲಿಲ್ಲ, ಒಬ್ಬಳಿಗೆ ಧೈರ್ಯವಿರಲಿಲ್ಲ. ನಾಲ್ಕಕ್ಕೂ ಔಷಧ ಬೇರೆಬೇರೆ. ನನ್ನ ತಖ್ತೆಯಲ್ಲಿ ಇದ್ದದ್ದು ಒಂದೇ ಔಷಧ, ಹೆಸರು ಹೊಡೆಯುವುದು.

ಇನ್ನು 96 ಅಂಕದ ವಿಷಯ. ಅಯನಾವರದಿಂದ ಮನೆಗೆ ಬಂದವನೇ, ಇದೇ ಪತ್ರಿಕೆಯ ಹಿಂದಿನ ಸಂಚಿಕೆಯನ್ನು ಪುಟ್ಟಿಯ ಮುಂದಿಟ್ಟು ಒಂದು ಪುಟ ಓದು ಎಂದೆ. ಒತ್ತಕ್ಷರ ಬಂದಲ್ಲೆಲ್ಲ ಮಗು ಎಡವಿತು. "ಸಂಸ್ಕೃತಿ"ಯ ಮುಂದೆ ಹೊಳೆ ದಾಟಲಾರದ ಕರುವಿನಂತೆ ನಿಂತುಬಿಟ್ಟಿತು. "ಪ್ರತಿ ವಾರ ನೀನೇ ಮೊದಲು ಉತ್ತರ ಹೇಳ್ತೀಯಲ್ಲೇ?" ಎಂದೆ. ಪುಟ್ಟಿ ಬಹಳ ಸರಳವಾಗಿ ಗುಟ್ಟನ್ನು ಬಿಚ್ಚಿದಳು: "ಅಪ್ಪಾ, ಸುಲಭದ ಪ್ರಶ್ನೆಗೆ ಮೊದಲೇ ಕೂಗಿಬಿಟ್ರೆ ಕಷ್ಟದ್ದನ್ನ ಮೇಷ್ಟ್ರು ನನ್ನ ಕೇಳಲ್ಲ. ಮುಖ ನೋಡ್ತಾ ತಲೆ ಆಡಿಸ್ತಾ ಇದ್ರೆ ಸಾಕು." ಒಳಗಿನಿಂದ ಮನೆಯಾಕೆ, "ಸರ್ಕಾರಿ ನೌಕರರ ಮಗಳಲ್ಲವೇ!" ಎಂದಳು. ನಾನು ಕೇಳಿಸದವನಂತೆ ಕೈಕಾಲು ತೊಳೆಯಲು ಹೋದೆ.

ತಿಳಿದವರು ಇದನ್ನೆಲ್ಲ ಹಿಂದೆಯೇ ಹೇಳಿದ್ದಾರೆ. ಮಕ್ಕಳ ತೊಡಗುವಿಕೆಯ ಬಗೆಗೆ ಅಮೆರಿಕದ ಮೂವರು ವಿದ್ವಾಂಸರು, ಫ್ರೆಡ್ರಿಕ್ಸ್, ಬ್ಲೂಮೆನ್‌ಫೆಲ್ಡ್ ಮತ್ತು ಪ್ಯಾರಿಸ್ ಎಂಬವರು, 2004ರಲ್ಲಿ ಬರೆದ ಲೇಖನದಲ್ಲಿ ಅದನ್ನು ಮೂರಾಗಿ ವಿಂಗಡಿಸಿದ್ದಾರೆ: ನಡೆವಳಿಕೆಯದು, ಭಾವನೆಯದು, ಬುದ್ಧಿಯದು. ಬಂದು ಕೂರುವುದು, ಕೈಯೆತ್ತುವುದು ಮೊದಲನೆಯದಕ್ಕೆ ಸೇರಿದ್ದು. ಪಾಠದ ಮೇಲೆ, ಮೇಷ್ಟ್ರ ಮೇಲೆ, ಸಹಪಾಠಿಗಳ ಮೇಲೆ ಇರುವ ಪ್ರೀತಿ ಅಥವಾ ಭಯ ಎರಡನೆಯದು. ಕಷ್ಟವಾದದ್ದನ್ನು ತಲೆಗೆ ಹಚ್ಚಿಕೊಂಡು ಬಿಡಿಸುವುದು ಮೂರನೆಯದು. ಕ್ಯಾಮೆರಾಕ್ಕೆ ಕಾಣುವುದು ಮೊದಲನೆಯದು ಮಾತ್ರ. ನಾನು ಬಾಗಿಲನ್ನು ಅಳೆದು ಮನೆಯ ಒಳಗನ್ನೆಲ್ಲ ಅಳೆದೆನೆಂದುಕೊಂಡಿದ್ದೆ.

ಅಕ್ಟೋಬರಿನ ಸಭೆಯಲ್ಲಿ ನಾನೇ ಎದ್ದು ನಿಂತು ನನ್ನ ಪಟ್ಟಿಯನ್ನು ಹಿಂದಕ್ಕೆ ಪಡೆದೆ. ಕಚೇರಿಯಲ್ಲಿ ಒಮ್ಮೆಯೂ ಮಾಡದ ಕೆಲಸ. ಕಾರ್ಯದರ್ಶಿಗಳು, "ಹಾಗಾದರೆ ಅಳೆಯುವುದೇ ಬೇಡವೆನ್ನುತ್ತೀರಾ?" ಎಂದು ಕೇಳಿದರು. ಬೇಡವೆಂದು ಹೇಳಲೂ ನನಗೆ ಬಾಯಿ ಬರಲಿಲ್ಲ. ಅಳೆಯದೆಯೇ ಇದ್ದಿದ್ದರೆ ಆ ನಾಲ್ಕು ಮನೆಗೆ ನಾನು ಹೋಗುತ್ತಲೇ ಇರಲಿಲ್ಲ. ಕೆಟ್ಟ ಮೈಕು ಕೆಟ್ಟೇ ಇರುತ್ತಿತ್ತು. ತಖ್ತೆ ತೀರ್ಪಾಗಬಾರದು; ಯಾರ ಮನೆಯ ಬಾಗಿಲು ತಟ್ಟಬೇಕೆಂದು ಹೇಳಿದರೆ ಸಾಕು. ಹೀಗೆಂದು ಹೇಳಿ ಕುಳಿತೆ. ಮೇಷ್ಟ್ರು ಮೂರು ಮಾರ್ಪಾಟುಗಳಿಗೆ ಒಪ್ಪಿದರು. ಇವಕ್ಕೆ ದುಡ್ಡು ಬೇಕಿಲ್ಲವಾದ್ದರಿಂದ ಬೇರೆ ಊರಿನ ಸಂಘದವರಿಗೂ ಉಪಯೋಗವಾದೀತೆಂದು ಬರೆಯುತ್ತೇನೆ.

ಮೊದಲನೆಯದು ಕಾಯುವುದು. ಮೇರಿ ಬಡ್ ರೋ ಎಂಬ ಅಮೆರಿಕದ ವಿದುಷಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಪರೀಕ್ಷಿಸಿ, ಉಪಾಧ್ಯಾಯರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವುದು ಸುಮಾರು ಒಂದೇ ಸೆಕೆಂಡು ಎಂದು ಕಂಡುಹಿಡಿದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವ ಮಕ್ಕಳೂ ಬಾಯಿ ತೆರೆಯುತ್ತಾರೆ. ಆನ್‌ಲೈನಿನಲ್ಲಿ ಧ್ವನಿ ತಲುಪುವುದೇ ತಡ. ಆದ್ದರಿಂದ ನಮ್ಮ ಮೇಷ್ಟ್ರು ಈಗ ಪ್ರಶ್ನೆ ಕೇಳಿ ಬೆರಳು ಮಡಿಸುತ್ತ ಐದು ಎಣಿಸುತ್ತಾರೆ. ಅಷ್ಟು ಹೊತ್ತು ಯಾರೂ ಕೂಗಬಾರದು. ಪುಟ್ಟಿಯ ವ್ಯಾಪಾರ ಅಲ್ಲಿಗೇ ಮುಚ್ಚಿತು.

ಎರಡನೆಯದು ತುಂಡು ಮಾಡುವುದು. ಹಾರ್ವರ್ಡಿನ ಸಂಶೋಧಕರು 2013ರಲ್ಲಿ 21 ನಿಮಿಷದ ಒಂದು ವಿಡಿಯೋ ಪಾಠವನ್ನು ನಾಲ್ಕು ತುಂಡು ಮಾಡಿ, ಪ್ರತಿ ತುಂಡಿನ ಕೊನೆಗೂ ಕೆಲವರಿಗೆ ಪುಟ್ಟ ಪರೀಕ್ಷೆ ಕೊಟ್ಟರು. ಅಂಥವರ ಮನಸ್ಸು ಅಲೆಯುವುದು ಉಳಿದವರಿಗಿಂತ ಅರ್ಧಕ್ಕರ್ಧ ಕಡಿಮೆಯಾಯಿತು, ಕಲಿತದ್ದೂ ಹೆಚ್ಚಾಯಿತು. ನಾವು 40 ನಿಮಿಷವನ್ನು ನಾಲ್ಕು ಪಾಲು ಮಾಡಿದ್ದೇವೆ. ಪಾಲಿಗೊಂದು ಪ್ರಶ್ನೆ, ಉತ್ತರ ಬಾಯಲ್ಲಿ ಅಲ್ಲ, ನೋಟ್‌ಬುಕ್ಕಿನಲ್ಲಿ. ಪಾಠ ಮುಗಿದ ಮೇಲೆ ಆ ಪುಟದ ಚಿತ್ರ ತೆಗೆದು ಮೇಷ್ಟ್ರ ವಾಟ್ಸಾಪಿಗೆ ಕಳಿಸಬೇಕು. ಕ್ಯಾಮೆರಾ ಮುಖಕ್ಕಲ್ಲ, ಪುಟಕ್ಕೆ. ಒಂದೇ ಕೋಣೆಯ ಮನೆಯವರಿಗೂ ಇದರಿಂದ ಸಂಕೋಚವಿಲ್ಲ.

ಮೂರನೆಯದು ಒಬ್ಬರಿಗೊಬ್ಬರನ್ನು ಜೋಡಿಸುವುದು. ಇದಕ್ಕೆ ನಮ್ಮ ಮದರಾಸೇ ಗುರು. 1789ರಲ್ಲಿ ಎಗ್ಮೋರಿನ ಅನಾಥ ಗಂಡುಮಕ್ಕಳ ಶಾಲೆಯ ಮೇಲ್ವಿಚಾರಕನಾದ ಆಂಡ್ರೂ ಬೆಲ್ ಎಂಬ ಸ್ಕಾಟ್ಲೆಂಡಿನವನು, ಈ ನಾಡಿನ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ತಿದ್ದುವುದನ್ನು ಕಂಡು ತನ್ನ ಶಾಲೆಯಲ್ಲಿಯೂ ಮಾಡಿಸಿದ. ಬಲ್ಲ ಹುಡುಗನಿಂದ ಅರಿಯದ ಹುಡುಗನಿಗೆ ಪಾಠ ಹೇಳಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದರ ಮೇಲೆ ಪುಸ್ತಕ ಬರೆದ. "ಮದರಾಸ್ ಪದ್ಧತಿ"ಯೆಂದು ಅದು ಇಂಗ್ಲೆಂಡಿನಲ್ಲೆಲ್ಲ ಹಬ್ಬಿತು. ನಮ್ಮ ಕೂಲಿಮಠದಲ್ಲಿ ಓದಿದ ಮುತ್ತಜ್ಜಂದಿರಿಗೆ ಇದರಲ್ಲಿ ಹೊಸತೇನೂ ಕಾಣುತ್ತಿರಲಿಲ್ಲ. ಈಗ ವಣ್ಣಾರಪೇಟೆಯ ಮಾಣಿ ಶನಿವಾರ ಸಂಜೆ ಇಪ್ಪತ್ತು ನಿಮಿಷ ಅಯನಾವರದ ಹುಡುಗಿಗೆ ಫೋನಿನಲ್ಲಿ ಹಿಂದಿನ ವಾರದ ಪಾಠ ಹೇಳುತ್ತಾನೆ. ಅವನಿಗೆ ತಮಿಳು ಬರುವುದರಿಂದ ಅರ್ಥ ಬಿಡಿಸುವುದು ಸುಲಭ. ನಡುನಡುವೆ ಅಜ್ಜಿಯ ಧ್ವನಿಯೂ ಕೇಳುವುದುಂಟು. ಇದರಿಂದ ಆ ಹುಡುಗಿಯ ಕನ್ನಡಕ್ಕೆ ಕುಂದಾಪುರದ ವಾಸನೆ ಹತ್ತುತ್ತಿದೆಯೆಂದು ಮೈಸೂರಿನವರಾದ ನಮ್ಮ ಅಧ್ಯಕ್ಷರಿಗೆ ಸ್ವಲ್ಪ ಚಿಂತೆ.

ಎಲ್ಲ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ತಂಡಿಯಾರ್‌ಪೇಟೆಯ ಮೈಕು ರಿಪೇರಿಯಾಗಿದೆ; ಹುಡುಗಿ ಈಗ ಮಾತು ನಿಲ್ಲಿಸುವುದೇ ಇಲ್ಲ. ಪೆರಂಬೂರಿನ ಹುಡುಗ ತಂದೆಯ ಒಪ್ಪಿಗೆಯಿಂದಲೇ ತರಗತಿ ಬಿಟ್ಟ. ಬಯಲು ಬೇಡವೆನಿಸಿದಾಗ ಬಾ ಎಂದು ಹೇಳಿದ್ದೇವೆ. ಅವನ ಜಾಗಕ್ಕೆ ಒಬ್ಬರು ಬಂದರು. ಆದರೂ ಎಂಟು ಮಕ್ಕಳು ಇನ್ನೂ ಕಾದಿದ್ದಾರೆ. ಅಯನಾವರದ ಹುಡುಗಿ ರಾಜ್ಯೋತ್ಸವದ ದಿನ ವೇದಿಕೆ ಹತ್ತಲಿಲ್ಲ. ಮುಂದಿನ ವಾರ ತರಗತಿಯಲ್ಲಿ ಮೊದಲ ಸಲ ತನ್ನ ಹೆಸರನ್ನು ಕನ್ನಡದಲ್ಲಿ ಬರೆದು ಪುಟದ ಚಿತ್ರ ಕಳಿಸಿದಳು. ನಮ್ಮ ಪುಟ್ಟಿ ಒತ್ತಕ್ಷರದ ಹೊಳೆಯಲ್ಲಿ ಇನ್ನೂ ಮೊಣಕಾಲುದ್ದ ನೀರಿನಲ್ಲಿದ್ದಾಳೆ.

ವಾಚಕರಲ್ಲಿ ಎರಡು ಬಿನ್ನಹ. ತಮ್ಮ ಮನೆಯ ಮಗು ಪರದೆಯ ಮುಂದಿಂದ ಎದ್ದಾಗ "ಎಷ್ಟು ಹೊತ್ತು ಕೂತಿದ್ದೆ?" ಎಂದು ಕೇಳದೆ, "ಈವತ್ತು ಕಲಿತದ್ದರಲ್ಲಿ ಒಂದನ್ನು ನನಗೆ ಹೇಳಿಕೊಡು" ಎಂದು ಕೇಳಿ. ಹೇಳಿಕೊಡಲು ಬಂದರೆ ಮಗು ಹಾಜರಿತ್ತು. ಬಾರದಿದ್ದರೆ ಬೈಯುವ ಮೊದಲು ಏಕೆಂದು ವಿಚಾರಿಸಿ. ಎರಡನೆಯದು, ಆ ಎಂಟು ಮಕ್ಕಳಿಗಾಗಿ. ಕನ್ನಡ ಓದುಬರಹ ಬಲ್ಲ ಯಾರಾದರೂ ವಾರಕ್ಕೆ 40 ನಿಮಿಷ ಬಿಡುವು ಮಾಡಿಕೊಂಡರೆ ಇನ್ನೊಂದು ತರಗತಿ ಆಗುತ್ತದೆ. ಪಂಡಿತರೇ ಆಗಬೇಕಿಲ್ಲ, ಐದು ಎಣಿಸುವಷ್ಟು ಹೊತ್ತು ಕಾಯಲು ಬಂದರೆ ಸಾಕು. ಸಂಘದ ಕಾರ್ಯದರ್ಶಿಗಳಿಗೆ ತಿಳಿಸಬಹುದು.

ತಖ್ತೆಯನ್ನು ನಾನು ಹರಿದುಹಾಕಲಿಲ್ಲ. ಗುಮಾಸ್ತೆಗೆ ಕಾಗದ ಹರಿಯಲು ಕೈ ಬಾರದು. ಅಂಕದ ನಾಲ್ಕು ಕಲಮನ್ನೂ ಹೊಡೆದುಹಾಕಿ, ಖಾಲಿ ಬಿಟ್ಟಿದ್ದ ಷರಾ ಕಲಮನ್ನು ಅಗಲ ಮಾಡಿಕೊಂಡಿದ್ದೇನೆ. ವಣ್ಣಾರಪೇಟೆಯ ಮಾಣಿಯ ಚೌಕ ಇಂದಿಗೂ ಕಪ್ಪಾಗಿಯೇ ಇರುತ್ತದೆ. ಮುಖ ಇನ್ನೂ ಯಾರೂ ಕಂಡಿಲ್ಲ. ಅವನ ಹೆಸರಿನ ಮುಂದೆ ಷರಾ ಹೀಗಿದೆ: "ಬಚ್ಚಂಗಾಯಿ. ಹಾಜರು."